ನನ್ನ ಪದವಿ, ಅವಳ ಅರ್ಜಿ

ಟಕ್, ಟಕ್, ಟಕ್. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನನ್ನ ಹೆಂಡತಿ ತಟ್ಟೆಯ ಮೇಲಿನ ಮಾತ್ರೆಗಳನ್ನು ಚಪ್ಪಟೆ ಕಡ್ಡಿಯಿಂದ ಐದೈದಾಗಿ ಸರಿಸುತ್ತಿದ್ದಳು. ಹನ್ನೊಂದು ವರ್ಷಗಳಿಂದ ಅವಳ ಹಗಲೆಲ್ಲ ಈ ಸದ್ದಿನಲ್ಲೇ ಕಳೆದಿದೆ. ಎಣಿಸುವಾಗ ಮಾತಾಡಿಸಿದರೆ ಉತ್ತರ ಬರುವುದಿಲ್ಲ. (ಎಣಿಸದಿರುವಾಗಲೂ ನನ್ನ ಮಟ್ಟಿಗೆ ಹಾಗೆಯೇ.)

ಡಬ್ಬಿಯ ಮುಚ್ಚಳ ತಿರುಗಿಸಿದ ಮೇಲೆ ಹೇಳಿದಳು: "ರೀ, ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕ್ತಿದೀನಿ."

ನಾನು ಪದವೀಧರ, ಅದೂ ಇತಿಹಾಸದಲ್ಲಿ. ಅವಳು ಮಗಳು ಹುಟ್ಟಿದ ವರ್ಷ ಓದು ಬಿಟ್ಟವಳು. ನಮ್ಮ ಗೋಡೆಯ ಮೇಲೆ ಗಾಜಿನ ಹಿಂದೆ ವಿರಾಜಮಾನವಾಗಿರುವ ಏಕೈಕ ಪದವಿಪತ್ರ ನನ್ನದು. ಅದರ ಧೂಳು ಒರೆಸುವ ಅಧಿಕಾರ ಮಾತ್ರ ಅವಳದು.

"ಪದವಿ ಇಲ್ದೆ ಯಾರೇ ಸೇರಿಸ್ಕೊಳ್ತಾರೆ?"

"ಪದವಿ ಬೇಕಿಲ್ಲ. ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಪಾಸಾಗಿರ್ಬೇಕು ಅಷ್ಟೇ. ನಾನು ಪಾಸಾಗಿದೀನಲ್ಲ!"

ಸಂಜೆ ಕಾಲೇಜಿನಲ್ಲಿ ಒಂದೊಂದೇ ವಿಷಯ ಕಟ್ಟಿ ಅವಳು ಪಾಸು ಮಾಡಿದ್ದು ನನಗೂ ಗೊತ್ತಿತ್ತು. ಕೆಲವರು ಹೊಲಿಗೆ ಕಲಿಯುತ್ತಾರಲ್ಲ, ಹಾಗೇನೋ ಎಂದುಕೊಂಡಿದ್ದೆ.

"ಆ ಕಾಲೇಜಲ್ಲಿ ಅಂಕಪಟ್ಟಿಗಳಿಗೆ ಐದೇ ವರ್ಷ ಆಯಸ್ಸು, ನಂದಕ್ಕೆ ಇದು ಕೊನೇ ವರ್ಷ. ಈ ಸಲ ತಪ್ಪಿದ್ರೆ ಎಲ್ಲಾ ಮತ್ತೆ ಮೊದಲಿಂದ. ಇನ್ನೊಂದ್ಸಲ ನನ್ ಕೈಲಾಗಲ್ಲ."

ಅರ್ಜಿ ತುಂಬುವ ಹೊಣೆಯನ್ನು ನಾನೇ ಹೊತ್ತೆ. ನನ್ನ ಅಕ್ಷರ ದುಂಡಗಿದೆ. ಎಲ್ಲವೂ ಸುಸೂತ್ರವಾಗಿ ನಡೆದು, 'ಪದವಿ (ಇದ್ದಲ್ಲಿ)' ಎಂಬ ಕಾಲಮ್ಮಿಗೆ ಬಂದು ಲೇಖನಿ ನಿಂತಿತು. ಆ ಬಿಳಿ ಚೌಕ ನನ್ನನ್ನು ನೋಡಿ ಹಲ್ಲುಕಿರಿದಂತಾಯಿತು. ಅದನ್ನು ಖಾಲಿ ಬಿಟ್ಟರೆ ಮನೆತನದ ಮರ್ಯಾದೆಯೇನಾಗಬೇಕು? ನನ್ನ ಪದವಿಯನ್ನೇ ಅಲ್ಲಿ ಬರೆದೆ. ಗೋಡೆಯಿಂದ ಪದವಿಪತ್ರ ಇಳಿಸಿ, ಪ್ರತಿ ಮಾಡಿಸಿ, ಅದನ್ನೂ ಲಗತ್ತಿಸಿದೆ. ಯಾರಿಗೂ ಹೇಳಲಿಲ್ಲ. ಉಪಕಾರ ಮಾಡಿ ಡಂಗುರ ಹೊಡೆಯುವವನು ನಾನಲ್ಲ.

ಹತ್ತು ದಿನಕ್ಕೆ ಕಾಲೇಜಿನಿಂದ ಫೋನು ಬಂತು. ಅರ್ಜಿಯಲ್ಲಿ ಒಬ್ಬರ ಹೆಸರು, ಪದವಿಪತ್ರದಲ್ಲಿ ಇನ್ನೊಬ್ಬರದು. ಇಂದು ನಾಲ್ಕು ಗಂಟೆಯೊಳಗೆ ಬಂದು ವಿವರಿಸದಿದ್ದರೆ ಅರ್ಜಿ ರದ್ದು.

"ಏನ್ರೀ ಇದು?" ಫೋನಿಟ್ಟು ನನ್ನತ್ತ ತಿರುಗಿದಳು.

"ಸಂಸಾರದಲ್ಲಿ ನಂದು ನಿಂದು ಅಂತ ಬೇರೆ ಬೇರೆ ಇದೆಯೇನೆ?"

"ಹಾಗಾದ್ರೆ ನಾಳೆಯಿಂದ ನಿಮ್ಮ ಬಿಪಿ ಮಾತ್ರೇನೂ ನಾನೇ ನುಂಗ್ತೀನಿ!"

ಮಗಳು ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಅಪ್ಪಾ, ಇದನ್ನ ಫೋರ್ಜರಿ ಅಂತಾರೆ."

ಮೂರೂವರೆಗೆ ಕಾಲೇಜಿನ ಕಚೇರಿ ತಲುಪಿದೆವು. ಕನ್ನಡಕವನ್ನು ಮೂಗಿನ ತುದಿಗಿಳಿಸಿದ ಗುಮಾಸ್ತೆ ನನ್ನ ಪದವಿಪತ್ರದ ಪ್ರತಿಯನ್ನು ಎತ್ತಿ ಹಿಡಿದರು.

"ಇದು ಯಾರದು?"

"ನನ್ನದೇ ಮೇಡಂ," ಎಂದೆ. ಇಪ್ಪತ್ತು ವರ್ಷಗಳಲ್ಲಿ ಅದರ ಬಗ್ಗೆ ಕೇಳಿದವರು ಅವರೊಬ್ಬರೇ.

"ರಸಾಯನಶಾಸ್ತ್ರ ಓದಿದೀರಾ?"

"ಇತಿಹಾಸ."

"ಜೀವಶಾಸ್ತ್ರ?"

"ಅದೂ... ಇತಿಹಾಸವೇ."

"ಹಾಗಾದ್ರೆ ಇದು ನಮಗೆ ಬೇಡ." ಪಿನ್ನು ಕಿತ್ತು ಅದನ್ನು ನನ್ನ ಕೈಗಿತ್ತು, ಅವಳತ್ತ ಹಾಳೆಯೊಂದನ್ನು ತಳ್ಳಿದರು. "ನೀವು ವಿವರಣೆ ಬರ್ದುಕೊಡಿ."

ಅವಳು ಬರೆದದ್ದು ಒಂದೇ ಸಾಲು: 'ಅರ್ಜಿ ತುಂಬಿದವರು ನನ್ನ ಗಂಡ, ನನಗೆ ಪದವಿ ಇಲ್ಲ.' ಗುಮಾಸ್ತೆ ಮೊದಲರ್ಧ ಓದುವಷ್ಟರಲ್ಲೇ ತಲೆದೂಗಿದರು. ಅವರ ಮನೆಯಲ್ಲೂ ಗಂಡ ಇರಬೇಕು. ಆ ಕಾಲಮ್ಮಿಗೆ ಕೆಂಪು ಗೆರೆ ಎಳೆದು ಅಂಕಪಟ್ಟಿ ತಿರುವಿದರು.

"ರಸಾಯನಶಾಸ್ತ್ರದಲ್ಲಿ ತೊಂಬತ್ನಾಲ್ಕಾ?"

ನಾನೂ ಬಗ್ಗಿ ನೋಡಿದೆ. ತೊಂಬತ್ನಾಲ್ಕು. ಅರ್ಜಿಗೆ ಆ ಪಟ್ಟಿಯನ್ನು ಲಗತ್ತಿಸಿದ್ದು ಈ ಕೈಯೇ; ಓದಿರಲಿಲ್ಲ.

"ಸಂದರ್ಶನ ಇವತ್ತೇ ನಡೀತಿದೆ. ಪ್ರೊಫೆಸರ್ ಒಳಗಿದಾರೆ. ಈಗಲೇ ಹೋಗ್ತೀರಾ?"

ಅವಳು ಸೆರಗಿನ ತುದಿಯಿಂದ ಅಂಗೈ ಒರೆಸಿಕೊಂಡಳು. ನಾನು ಅಡ್ಡ ನಿಂತು ಧೈರ್ಯ ತುಂಬತೊಡಗಿದೆ.

"ನೋಡು, ಗಾಬರಿ ಆಗ್ಬೇಡ. ಉತ್ತರ ಗೊತ್ತಿಲ್ದಿದ್ರೆ ಸುಮ್ನೆ ಒಂದು ಕ್ಷಣ ಯೋಚಿಸೋ ಹಾಗೆ ಮಾಡು. ನನ್ನ ಮೌಖಿಕ ಪರೀಕ್ಷೇಲಿ ನಾನು..."

"ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ, ಅರ್ಜಿದಾರರಿಗೆ ದಾರಿ ಬಿಡಿ," ಎಂದರು ಗುಮಾಸ್ತೆ.

ಸರಿದೆ. "...ನಾನು ಕೂಡ ಮೊದಲು ತಡವರಿಸಿದೆ. ಆಮೇಲೆ ಏನು ಮಾಡಿದೆ ಗೊತ್ತಾ? ಮೇಷ್ಟರ ಕಣ್ಣಲ್ಲಿ ಕಣ್ಣಿಟ್ಟು..."

ಅವಳು ಅಷ್ಟರಲ್ಲಿ ಕಾರಿಡಾರಿನ ಅರ್ಧ ದಾಟಿದ್ದಳು.