ಮೀಸೆ ಉಳಿಸೋಕೆ ಒಂದು ಎಸ್‌ಎಸ್‌ಡಿ

ಕಂಪ್ಯೂಟರ್ ಅಂಗಡಿ ಇಟ್ಟವರಿಗೆ ನಗೋದಕ್ಕೆ ಟಿವಿ ಬೇಕಾಗಿಲ್ಲ. ಶಟರ್ ಎತ್ತಿದರೆ ಸಾಕು, ಏನಾದರೊಂದು ತಾನಾಗಿ ಒಳಗೆ ಬರುತ್ತದೆ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಅಂಗಡಿ. ರಿಪೇರಿ ಮಾಡುವವಳೂ ನಾನೇ, ಗಿರಾಕಿ ಜೊತೆ ಜಗಳ ಆಡುವವಳೂ ನಾನೇ. ನನ್ನದೊಂದು ಹಟ ಇದೆ: ಗೇಮ್ ಆಡುವವರಿಗೆ ಚಿಪ್ಪಿನ ಡಿಸ್ಕು, ಅಂದರೆ ಎಸ್‌ಎಸ್‌ಡಿ ಹಾಕದೆ ಬಿಡೋದಿಲ್ಲ. ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ತಿರುಗಬೇಕು, ಮುಳ್ಳು ಓಡಾಡಿ ಹುಡುಕಬೇಕು, ಆಮೇಲೆ ಗೇಮ್ ತೆರೆಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗೋದು ಎಂಥದೂ ಇಲ್ಲ, ಒತ್ತಿದ ಕೂಡಲೇ ಹಾಜರ್. ಇಷ್ಟು ಸಣ್ಣ ಮಾತನ್ನ ಆನವಟ್ಟಿ ಕಡೆಯ ಒಬ್ಬರ ತಲೆಗೆ ಇಳಿಸೋಕೆ ನಾನು ಪಟ್ಟ ಪಾಡು ಕೇಳಿ.

ಉಸಿರಾಡೋ ಡಿಸ್ಕು

ಬೈಕಿನ ಹಿಂದೆ ಕಂಬಳಿ ಸುತ್ತಿ ಏನೋ ಕಟ್ಟಿಕೊಂಡು ಬಂದರು. ಕುರಿಮರಿ ಇರಬೇಕು ಅಂದುಕೊಂಡೆ. ಬಿಚ್ಚಿದರೆ ಕಂಪ್ಯೂಟರ್! ಮನುಷ್ಯನಿಗಿಂತ ಮೊದಲು ಮೀಸೆ ಒಳಗೆ ಬಂತು, ಅಷ್ಟು ದೊಡ್ಡ ಮೀಸೆ. ಹಾಗಾಗಿ ನಾನು ಅವರನ್ನ ಮೀಸೆಯವರು ಅಂತಲೇ ಕರೆಯೋದು.

ಮೀಸೆಯವರು ಕುರಿ ಸಾಕುವವರು. ಬಿಡುವಾದಾಗ ಕಂಪ್ಯೂಟರಿನಲ್ಲಿ ಬಸ್ ಓಡಿಸೋ ಗೇಮ್ ಆಡುತ್ತಾರೆ. ಎದುರಾಳಿ ಸೊರಬದಲ್ಲಿರುವ ಬಾಮೈದ, ಹೆಂಡತಿಯ ತಮ್ಮ. ಇಬ್ಬರೂ ಫೋನಿನಲ್ಲಿ "ಹೂಂ, ಒತ್ತು" ಅಂದುಕೊಂಡು ಒಟ್ಟಿಗೆ ಗೇಮ್ ತೆರೆಯೋದು, ಇಂಟರ್ನೆಟ್ಟಿನಲ್ಲಿ ಇಬ್ಬರ ಬಸ್ಸೂ ಒಂದೇ ಸ್ಟ್ಯಾಂಡಿನಿಂದ ಹೊರಡೋದು. ಯಾರ ಬಸ್ಸು ಮೊದಲು ಊರು ಸೇರುತ್ತೋ ಅವರು ಗೆದ್ದಂತೆ. ಇವರ ಗೇಮ್ ತೆರೆಯೋ ಹೊತ್ತಿಗೆ ಬಾಮೈದನ ಬಸ್ಸು ಅರ್ಧ ದಾರಿ ದಾಟಿರುತ್ತಿತ್ತು.

"ರೇಗಿ ಮಾತು ಕೊಟ್ಬಿಟ್ಟೀನಿ ಅಕ್ಕಾರೆ. ಹಬ್ಬ ಕಳೆದ ಮೇಲಿನ ಭಾನುವಾರ ಸೋತ್ರೆ ಮೀಸೆ ಬೋಳಿಸ್ತೀನಿ ಅಂದೀನಿ. ಏನ್ ಹಾಕ್ತೀರೋ ಹಾಕ್ರಿ, ಮೀಸೆ ಉಳೀಬೇಕು."

ಒಂದು ಕೈಗೆ ಹಾರ್ಡ್ ಡಿಸ್ಕ್, ಇನ್ನೊಂದು ಕೈಗೆ ಎಸ್‌ಎಸ್‌ಡಿ ಕೊಟ್ಟೆ. ಸಂತೆಯಲ್ಲಿ ಕುರಿ ನೋಡಿದ ಹಾಗೇ ನೋಡಿದರು. ಎತ್ತಿ ತೂಗಿದರು, ಬೆನ್ನು ಸವರಿದರು. ಎರಡಕ್ಕೂ ವೈರು ಚುಚ್ಚಿ ಓಡಿಸಿ ತೋರಿಸಿದೆ. ಹಾರ್ಡ್ ಡಿಸ್ಕಿಗೆ ಕಿವಿ ಇಟ್ಟರು, ಗುರ್ ಅಂತಿತ್ತು. ಮುಖ ಅರಳಿತು. ಎಸ್‌ಎಸ್‌ಡಿಗೆ ಕಿವಿ ಇಟ್ಟರು. ಗಪ್ಪು ಚಿಪ್ಪು.

"ಅಲ್ರೀ, ಇದಕ್ಕೆ ತೂಕನೇ ಇಲ್ವಲ್ರೀ."

"ತೂಕ ಯಾಕ್ರೀ, ಬಿರಿಯಾನಿ ಮಾಡ್ತೀರಾ? ಸ್ಪೀಡ್ ನೋಡ್ರಿ."

ಅವರು ಎಸ್‌ಎಸ್‌ಡಿಯನ್ನ ಮೆಲ್ಲಗೆ ಟೇಬಲ್ ಮೇಲೆ ಮಲಗಿಸಿ, ದನಿ ತಗ್ಗಿಸಿ ಹೇಳಿದರು: "ಬೇಜಾರ್ ಮಾಡ್ಕೋಬ್ಯಾಡ್ರಿ ಅಕ್ಕಾರೆ, ಇದು ಆಗ್ಲೇ ಸತ್ತೋಗೈತೆ."

ಜೋಡಿ ಎತ್ತು

ನಾನು ಬಾಯಿ ನೋಯುವಷ್ಟು ಹೇಳಿದರೂ ಕೇಳಲಿಲ್ಲ. ಹಳೇ ಹಾರ್ಡ್ ಡಿಸ್ಕಿನ ಪಕ್ಕ ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಸಿಕೊಂಡೇ ಹೋದರು. "ಒಂದೆತ್ತಿನ ಗಾಡಿಗೂ ಜೋಡೆತ್ತಿನ ಗಾಡಿಗೂ ವ್ಯತ್ಯಾಸ ಇಲ್ವೇನ್ರೀ?" ಅಂದರು. ನನಗೆ ಮೈಯೆಲ್ಲ ಉರಿಯಿತು.

ವಾರ ಕಳೆಯೋದರೊಳಗೆ ಕಂಬಳಿ ಸಮೇತ ವಾಪಸ್. ಜಾಗ ಜಾಸ್ತಿ ಆಗಿತ್ತೇ ಹೊರತು ಗೇಮ್ ಒಂದು ಚೂರೂ ಬೇಗ ತೆರೆದಿರಲಿಲ್ಲ. ನಾನೂ ಬಿಡಲಿಲ್ಲ. ಎರಡು ಕಂಪ್ಯೂಟರ್ ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಹಾರ್ಡ್ ಡಿಸ್ಕ್, ಒಂದರಲ್ಲಿ ಎಸ್‌ಎಸ್‌ಡಿ, ಎರಡರಲ್ಲೂ ಅದೇ ಬಸ್ಸಿನ ಗೇಮ್. "ಎರಡೂ ಕೈಲಿ ಒಟ್ಟಿಗೆ ಒತ್ರಿ" ಅಂದೆ.

ಒತ್ತಿದರು. ಎಸ್‌ಎಸ್‌ಡಿಯ ಬಸ್ಸು ಬಂದು ನಿಂತೇಬಿಟ್ಟಿತು. ಇನ್ನೊಂದರಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಎದುರಿನ ಹೋಟೆಲಿನಿಂದ ಚಹಾ ಬಂತು, ಕುಡಿದೆವು, ಲೋಟ ತೊಳೆಯೋಕೂ ಹೋಯಿತು. ಚಕ್ರ ಇನ್ನೂ ಸುತ್ತುತ್ತಿತ್ತು.

ಮೀಸೆಯವರು ಎದ್ದು ನಿಂತರು. ಸತ್ತಿದೆ ಅಂದಿದ್ದ ಎಸ್‌ಎಸ್‌ಡಿಯನ್ನ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, "ತಪ್ಪಾತು ತಾಯಿ" ಅಂದರು. ನನಗೆ ಹೇಳಿದ್ದಲ್ಲ, ಅದಕ್ಕೆ!

ಗೃಹಪ್ರವೇಶ

"ಗೇಮ್ ನಾನೇ ತುಂಬ್ಕೋತೀನಿ" ಅಂತ ಎಸ್‌ಎಸ್‌ಡಿ ಹಾಕಿಸಿಕೊಂಡು ಹೋದರು. ಗೆದ್ದೆ ಅಂದುಕೊಂಡೆ. ಎರಡೇ ದಿನಕ್ಕೆ ಫೋನು. "ಅಕ್ಕಾರೆ, ಗೇಮ್ ಮೊದಲಿನ ಹಂಗೇ ಐತೆ!" ದನಿಯಲ್ಲಿ ಅಳುವೇ ಇತ್ತು. ಪಾಪ, ಹಬ್ಬ ಹತ್ತಿರ ಬಂದಿತ್ತು, ನನಗೂ ಗಾಬರಿಯಾಯಿತು. ನನ್ನ ಮಾತು ಸುಳ್ಳಾದರೆ ಒಬ್ಬ ಮನುಷ್ಯನ ಮೀಸೆ ಹೋಗುತ್ತದೆ, ನನ್ನ ಅಂಗಡಿಯ ಮರ್ಯಾದೆ ಹೋಗುತ್ತದೆ. ಶಟರ್ ಎಳೆದು ಆನವಟ್ಟಿ ಬಸ್ಸು ಹತ್ತಿದೆ.

ಕಂಪ್ಯೂಟರ್ ತೆರೆದು ನೋಡಿದರೆ ಎಸ್‌ಎಸ್‌ಡಿ ಭರ್ತಿ. ಗೇಮ್ ಮಾತ್ರ ಹಳೇ ಹಾರ್ಡ್ ಡಿಸ್ಕಿನಲ್ಲೇ ಕೂತಿತ್ತು.

"ಇದರಲ್ಲಿ ಏನ್ ತುಂಬಿದ್ರಿ?"

"ಹೊಸ ಮನೆ ಅಲ್ವೇನ್ರೀ ಅದು? ಮೊದಲು ದೇವ್ರ ಫೋಟೋ ಇಟ್ಟೆ. ಆಮೇಲೆ ನಮ್ಮ ಮದುವೆ ವಿಡಿಯೋ. ಆಮೇಲೆ ನೆಂಟರದ್ದು. ಆಟದ ಸಾಮಾನು ಹೊಸ ಮನೆ ನಡುಮನೇಲಿ ಇಡ್ತಾರೇನ್ರೀ?"

ಎಲ್ಲರನ್ನೂ ಹಾರ್ಡ್ ಡಿಸ್ಕಿಗೆ ಸಾಗಹಾಕಿದೆ, ದೇವರೊಬ್ಬರನ್ನ ಬಿಟ್ಟು. ಗೇಮನ್ನ ಎಸ್‌ಎಸ್‌ಡಿಗೆ ತಂದು ಕೂರಿಸಿದೆ. ಅಷ್ಟರಲ್ಲಿ ಮೀಸೆಯವರು ಸಂಕೋಚದಿಂದ ಅಂದರು: "ಮದುವೆ ವಿಡಿಯೋ ತೆಗೆದಿದ್ದು ಒಳ್ಳೇದಾತು ಬಿಡ್ರಿ. ಎಷ್ಟು ಬೇಗ ಶುರುವಾಗ್ತಿತ್ತು ಅಂದ್ರೆ, ಎದ್ದು ಹೊರಗೆ ಹೋಗಾಕೂ ಟೈಮ್ ಸಿಗ್ತಿರ್ಲಿಲ್ಲ."

ಮನೆಯವರ ಅರ್ಜಿ

ಹಬ್ಬದ ಹಿಂದಿನ ದಿನ ಮೀಸೆಯವರ ಹೆಂಡತಿ ಒಬ್ಬರೇ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಬಾಟಲಿ ತುಪ್ಪ. ಅತ್ತ ಇತ್ತ ನೋಡಿ ಕೇಳಿದರು: "ಅಕ್ಕಾ, ಎಲ್ಲಕ್ಕಿಂತ ನಿಧಾನ ಇರೋ ಡಿಸ್ಕು ಯಾವುದು? ಅದನ್ನ ಹಾಕಿಕೊಡ್ರಿ."

ನಾನು ಕಣ್ಣು ಬಿಟ್ಟೆ.

"ಮದುವೆ ಆದಾಗಿಂದ ಆ ಮೀಸೆ ಜೊತೆ ಸಾಕಾಗೈತ್ರಿ. ಪಾಯಸ ಕೊಟ್ರೆ ಅರ್ಧ ಅದೇ ಕುಡೀತದೆ. ತೆಗೀರಿ ಅಂದ್ರೆ ಪ್ರಾಣ ಹೋದ್ರೂ ತೆಗೆಯಲ್ಲ ಅಂತಾರೆ. ಈಗ ನನ್ನ ತಮ್ಮನ ಪುಣ್ಯದಿಂದ ಒಂದು ದಾರಿ ಆಗೈತೆ, ನೀವು ಅಡ್ಡ ಬರಬ್ಯಾಡ್ರಿ."

ತುಪ್ಪದ ಪರಿಮಳ ಅಂಗಡಿ ತುಂಬಿತ್ತು. ಆದರೂ ನಾನು ಜಗ್ಗಲಿಲ್ಲ. "ಹಾಕಿದ ಎಸ್‌ಎಸ್‌ಡಿ ತೆಗೆಯೋದಿಲ್ಲಮ್ಮ, ನನ್ನ ಹೆಸರಿನ ಪ್ರಶ್ನೆ" ಅಂದೆ. ಅವರು ನನ್ನನ್ನ ದುರುಗುಟ್ಟಿ ನೋಡಿ, ತುಪ್ಪ ಎತ್ತಿಕೊಂಡು ಹೋದರು. ಎಸ್‌ಎಸ್‌ಡಿಗೋಸ್ಕರ ನಾನು ಏನೇನು ಕಳೆದುಕೊಂಡಿದ್ದೇನೆ ಅಂತ ಯಾರೂ ಕೇಳೋದಿಲ್ಲ.

ಆ ಭಾನುವಾರ

ಮನಸ್ಸು ತಡೆಯದೆ ನಾನೂ ಹೋದೆ. ಬೆಳಿಗ್ಗೆಯೇ ಅಕ್ಕಪಕ್ಕದವರೆಲ್ಲ ಸೇರಿದ್ದರು. ಸೊರಬದಿಂದ ಬಾಮೈದ ಫೋನಿನಲ್ಲಿ, "ಭಾವ, ಕತ್ತರಿ ಮಸೆದಿಟ್ಟೀರಾ?" ಅಂದ. "ಒತ್ತಲೇ ಮಗನೇ!" ಅಂದರು ಮೀಸೆಯವರು.

ಒತ್ತಿದರು. ಗೇಮ್ ತಟ್ಟನೆ ತೆರೆಯಿತು. ಬಸ್ಸು ರೆಡಿ, ರಸ್ತೆ ಖಾಲಿ. ಬಾಮೈದನದು ಇವರದಕ್ಕಿಂತ ಹೊಸ ಕಂಪ್ಯೂಟರ್, ಆದರೂ ಒಳಗಿದ್ದದ್ದು ಹಾರ್ಡ್ ಡಿಸ್ಕು. ಅವನಿನ್ನೂ ಚಕ್ರ ನೋಡುತ್ತಾ ಕೂತಿದ್ದ. ನನಗೆ ಆನಂದಕ್ಕೆ ಕಣ್ಣು ತುಂಬಿ ಬಂತು. ಆದರೆ ಬಸ್ಸು ಅಲುಗಲಿಲ್ಲ.

"ಹೊರಡ್ರೀ!" ಅಂದೆ.

"ತಡೀರಿ ಅಕ್ಕಾರೆ, ಅವನಿನ್ನೂ ಬಂದಿಲ್ಲ."

"ಅವನು ಬರಬಾರದು ಅಂತಲೇ ಅಲ್ವೇನ್ರೀ ಇಷ್ಟೆಲ್ಲ ಮಾಡಿದ್ದು!"

"ಛೇ ಛೇ! ಹೆಂಡತಿ ತಮ್ಮನನ್ನ ಬಿಟ್ಟು ಊಟಕ್ಕೇ ಕೂರಲ್ಲ ನಾವು. ಬಸ್ ಸ್ಟ್ಯಾಂಡಲ್ಲಿ ಬಿಟ್ಟು ಹೋಗಾದಾ? ನಾಳೆ ನೆಂಟರು ಏನಂತಾರೆ?" ಅಂತ ಎಂಜಿನ್ ಆಫ್ ಮಾಡಿ ಕೂತರು. ನಾನು ತಲೆ ಚಚ್ಚಿಕೊಂಡೆ.

ಕೊನೆಗೂ ಬಾಮೈದನ ಬಸ್ಸು ಬಂತು. "ಬಾರಪ್ಪ, ಅರಾಮಾ?" ಅಂತ ಮೀಸೆಯವರು ಹಾರ್ನ್ ಹೊಡೆದರು. ಬಾಮೈದ ಅರಾಮೂ ಅನ್ನಲಿಲ್ಲ, ನಿಲ್ಲಲೂ ಇಲ್ಲ. ಇವರು ಎಂಜಿನ್ ಚಾಲೂ ಮಾಡೋದರೊಳಗೆ ಧೂಳೆಬ್ಬಿಸಿಕೊಂಡು ಹೋದವನು ಊರು ಸೇರಿಬಿಟ್ಟ.

ಕೊಟ್ಟ ಮಾತಿಗೆ ತಪ್ಪದ ಮನುಷ್ಯ, ಅಲ್ಲೇ ಹಿತ್ತಲಿಗೆ ಹೋಗಿ ಮೀಸೆ ಬೋಳಿಸಿಕೊಂಡು ಬಂದರು. ಬಾಗಿಲಲ್ಲಿದ್ದ ಅವರದೇ ನಾಯಿ ಬೊಗಳಿತು. ಕುರಿಗಳು ಮೂಲೆಗೆ ಸರಿದವು. ಹೆಂಡತಿ ಆರತಿ ತಟ್ಟೆಯನ್ನೇ ಹಿಡಿದು ಕಾಯುತ್ತಿದ್ದವರು, ಮುಖ ನೋಡಿ ಹಾಗೇ ನಿಂತುಬಿಟ್ಟರು. ನಾನು ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಮಾರನೇ ದಿನ ಶಟರ್ ಎತ್ತುವಾಗಲೇ ಆಕೆ ಅಂಗಡಿ ಮುಂದೆ ನಿಂತಿದ್ದರು. ಅದೇ ತುಪ್ಪದ ಬಾಟಲಿ, ಪಕ್ಕದಲ್ಲಿ ಇನ್ನೊಂದು.

"ಅಕ್ಕಾ, ನನ್ನ ಕೈಲಿ ನೋಡಾಕಾಗ್ತಿಲ್ರಿ. ಥೇಟ್ ನಮ್ಮತ್ತೆನೇ ಎದುರು ಕೂತಂಗೈತೆ!" ಅಂದರು, ಬಾಟಲಿಗಳನ್ನ ನನ್ನ ಕಡೆ ತಳ್ಳಿ. "ಎಲ್ಲಾ ಬೇಗ ಬರೋ ಹಂಗೆ ಮಾಡ್ತೀರಂತಲ್ಲ, ಮೀಸೆಗೆ ಏನಾದ್ರೂ ಐತೇನ್ರೀ?"