ಆರು ಮಕ್ಕಳು, ಒಂದೇ ವಸಂತ

ರೇವಣಸಿದ್ದ ಮನೆಯೊಡತಿ ವೆಂಕಟಮ್ಮನವರನ್ನು ಮೊದಲು ಕಂಡದ್ದು ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ, ಒಂದು ಮಂಗಳವಾರ ಬೆಳಿಗ್ಗೆ. ಬಾಗಿಲ ಮುಂದೆ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಆಕೆ, ತಲೆಯೆತ್ತದೆ, "ಏನ್ ಓದಿದ್ದೀಯಪ್ಪ?" ಎಂದಿದ್ದರು.

"ಬಿ.ಎಸ್ಸಿ., ಅಮ್ಮ. ನಮ್ಮ ಮನೆತನಕ್ಕೇ ಮೊದಲನೆಯವನು," ಎಂದು ಇವನು ಎದೆಯುಬ್ಬಿಸಿದ್ದ.

"ಓದ್ದೋರು ನಲ್ಲಿ ಸರಿಯಾಗಿ ನಿಲ್ಸಲ್ಲ," ಎಂದು ಆಕೆ ಒಂದು ಹುಳುಕು ಕಾಳನ್ನು ಬೀದಿಗೆ ಎಸೆದರು. ಮನೆಯನ್ನಂತೂ ಬಾಡಿಗೆಗೆ ಕೊಟ್ಟರು.

ನಾಲ್ಕು ವರ್ಷ ಅವನು ನಲ್ಲಿಯನ್ನು ಸರಿಯಾಗಿಯೇ ನಿಲ್ಲಿಸಿದ. ಆದರೆ ಈ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಏಳು ವರ್ಷದ ಮಗಳು ದಿವ್ಯಾಳ ಪುಸ್ತಕದಲ್ಲಿ ನಾಲ್ಕೇ ಋತುಗಳಿರುವುದನ್ನೂ, ಕೊನೆಯದರಲ್ಲಿ ಹಿಮದ ಬೊಂಬೆಯೊಂದು ಮಫ್ಲರ್ ಸುತ್ತಿಕೊಂಡು ನಗುತ್ತಿರುವುದನ್ನೂ ಕಂಡು ಅವನ ರಕ್ತ ಕುದಿಯಿತು.

"ಪೀಣ್ಯದಲ್ಲಿ ಹಿಮ ಎಲ್ಲಿಂದ ಬೀಳ್ಬೇಕು? ನಮ್ಮ ಇನ್ನೆರಡು ಋತು ಎಲ್ಲೇ?"

"ನನ್ನ ಕೇಳಿದ್ರೆ? ನಾನ್ ತಗೊಂಡಿಲ್ಲ," ಎಂದಳು ಹೆಂಡತಿ ಜ್ಯೋತಿಲಕ್ಷ್ಮಿ.

ಹೀಗೆ ಉದಯಿಸಿತು ಭಾನುವಾರದ ಋತುಕಾವ್ಯಶಾಲೆ. ವಠಾರದ ಆರು ಮಕ್ಕಳು, ತಾರಸಿ, ಒಂದು ಚಾಪೆ. ಆದರೆ ಅದೇ ತಾರಸಿಯ ಮೇಲೆ ಕೆಳಮನೆಯ ಬಾಲಾಜಿಗೂ ಕಣ್ಣಿತ್ತು. ಅವನು ಅಬ್ಯಾಕಸ್ ತರಗತಿ ತೆರೆಯಬೇಕೆಂದಿದ್ದ. ವೆಂಕಟಮ್ಮ ತೀರ್ಪು ಕೊಟ್ಟರು: "ಉಗಾದಿ ದಿನ ಮಕ್ಳು ಪದ ಯೋಳ್ಲಿ. ನಂಗಿಷ್ಟ ಆದ್ರೆ ತಾರಸಿ ನಿಂದು. ಇಲ್ದಿದ್ರೆ ಬಾಲಾಜೀದು."

ರೇವಣಸಿದ್ದ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಳತೆ ತಪ್ಪಿದ ಬೋಲ್ಟಿಗೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡುವುದು ಅವನ ಹನ್ನೊಂದು ವರ್ಷಗಳ ತಪಸ್ಸು. (ಮದುವೆ ಊಟದಲ್ಲಿ ಹೋಳಿಗೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಾನೆ.) ಕವಿತೆಗೂ ಅದೇ ನಿಯಮ ಬಂತು. ವಸಂತವೆಂದರೆ ಕೋಗಿಲೆ ಇರಬೇಕು, ಮಾಮರ ಇರಬೇಕು, ತಂಗಾಳಿ ಇರಬೇಕು. ಒಂದು ಕಮ್ಮಿಯಾದರೂ ಕೆಂಪು ಗೀಟು. ರಿಜೆಕ್ಟ್!

"ಆ ಮಕ್ಳು ಕೋಗಿಲೆ ನೋಡಿದ್ದಾವೇನ್ರೀ?" ಎಂದಳು ಜ್ಯೋತಿಲಕ್ಷ್ಮಿ.

"ನೋಡ್ಬೇಕಾಗಿಲ್ಲ. ಕವಿಯಾದವನು ಕಲ್ಪಿಸ್ಕೋಬೇಕು."

"ಹಾಗಾದ್ರೆ ಅಡುಗೆ ಆಗಿದೆ ಅಂತ ನೀವೂ ಕಲ್ಪಿಸ್ಕೊಳ್ಳಿ. ನಾನು ಮಲಗ್ತೀನಿ."

ಅವನು ಜಗ್ಗಲಿಲ್ಲ. ಜಗತ್ತೇ ನಾಲ್ಕು ಋತು ಎಂದರೂ ತಾನು ಆರನ್ನೇ ಹಿಡಿದಿರುತ್ತೇನೆಂದು ಹಸಿದ ಹೊಟ್ಟೆಯಲ್ಲೇ ಸಾರಿದ.

ಯುಗಾದಿ ಬಂತು. ವೆಂಕಟಮ್ಮ ಚಾಪೆಯ ಮುಂದೆ ಕುಳಿತರು. ಮೊದಲ ಮಗು ಹಾಡಿತು: "ತಂಗಾಳಿ ತಂದಿತು ವಸಂತ ಮಾಸ, ಮಾಮರದಲ್ಲಿ ಕೋಗಿಲೆ ವಾಸ." ಎರಡನೆಯದೂ ಅದನ್ನೇ ಹಾಡಿತು. ಮೂರನೆಯದೂ ಅದನ್ನೇ. ಐದನೆಯದು ಮುಗಿಸುವಷ್ಟರಲ್ಲಿ ವೆಂಕಟಮ್ಮ ಎರಡು ಬಾರಿ ಆಕಳಿಸಿದ್ದರು.

"ಇದೇನಪ್ಪ, ಎಲ್ಲಾ ಒಂದೇ ಪದ ಯೋಳ್ತಾವೆ? ಅಚ್ಚಲ್ಲಿ ಉಯ್ದಂಗೆ!"

"ಅದೇ ಅಮ್ಮ ಗುಣಮಟ್ಟ!" ಎಂದ ರೇವಣಸಿದ್ದ ಹೆಮ್ಮೆಯಿಂದ. "ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಬಾಲಾಜಿ ಜೇಬಿನಿಂದ ಟೇಪು ತೆಗೆದು ಬೋರ್ಡ್ ಹಾಕಲು ಗೋಡೆ ಅಳೆಯತೊಡಗಿದ.

ಆರನೆಯವಳು ದಿವ್ಯಾ. ಅವಳು ಅಪ್ಪನನ್ನೊಮ್ಮೆ ನೋಡಿ, ಲಂಗದ ಸೊಂಟದಿಂದ ಕೆಂಪು ಗೀಟಿನ ಚೀಟಿಯೊಂದನ್ನು ತೆಗೆದಳು.

"ಏ, ಅದು ರಿಜೆಕ್ಟ್ ಆಗಿರೋದು! ಬೇಡ!"

"ಆಗಿದ್ರೆ ಆಗ್ಲಿ. ಇದು ನಾನ್ ಬರ್ದಿದ್ದು," ಎಂದು ಅವಳು ಕಿರುಚಿ ಓದಿದಳು:

"ಟ್ಯಾಂಕರ್ ಬಂದ್ರೆ ಬೇಸಿಗೆ,
ಬಿಂದಿಗೆ ಹಿಂದೆ ಬಿಂದಿಗೆ,
ಮೋಟರ್ ರೂಮಿನ ಬೀಗದಕೈಯ
ಕಟ್ಕೊಂಡ್ಳಜ್ಜಿ ಸೆರಗಿಗೆ!"

ಎಲ್ಲರ ಕಣ್ಣೂ ವೆಂಕಟಮ್ಮನವರ ಸೆರಗಿನತ್ತ ಹೋಯಿತು. ಬೀಗದಕೈ ಅಲ್ಲೇ ನೇತಾಡುತ್ತಿತ್ತು. ರೇವಣಸಿದ್ದ ಮನಸ್ಸಿನಲ್ಲೇ ಪಾತ್ರೆ ಪರಡಿಗಳನ್ನು ಲಗೇಜ್ ಆಟೋಗೆ ತುಂಬತೊಡಗಿದ.

ವೆಂಕಟಮ್ಮ ಸೆರಗನ್ನು ಎತ್ತಿ ನೋಡಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದಪ್ಪ ಪದ ಅಂದ್ರೆ! ಮಳೆಗಾಲದ್ದು ಐತೇನವ್ವ?"

"ಐದು ಐತೆ ಅಜ್ಜಿ. ಎಲ್ಲಾ ಕೆಂಪು."

"ಬಾಲಾಜಿ, ಆ ಟೇಪು ಸುತ್ತು. ತಾರಸಿ ಮಕ್ಳದು."

ರೇವಣಸಿದ್ದ ಗೆದ್ದವನಂತೆ ಕೈಜೋಡಿಸಿದ. "ಮುಂದಿನ ವಾರ ಗ್ರೀಷ್ಮದ ಲಕ್ಷಣ ಹೇಳ್ಕೊಡ್ತೀನಿ ಅಮ್ಮ!"

"ನೀನಾ? ಬ್ಯಾಡ. ನಾನ್ ಕೂತ್ಕಂತೀನಿ, ಮಕ್ಳು ಯೋಳ್ಲಿ. ನಿನ್ನಕ್ಸರ ದುಂಡಗದೆ, ಬರ್ಕೋ."

ಸೋತೆನೆಂದು ರೇವಣಸಿದ್ದ ಇಂದಿಗೂ ಒಪ್ಪಿಲ್ಲ. ಋತುಗಳು ಆರೇ ಎಂದು ಈಗಲೂ ವಾದಿಸುತ್ತಾನೆ. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಕುಳಿತು ಮಕ್ಕಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುತ್ತಾನೆ.