ವಧೂವರರ ಸ್ಥಳಾಂತರ

ನಮ್ಮ ಮೆಹದಿಪಟ್ಟಣಂ ಕಾಲನಿಯಲ್ಲಿ ಯಾರ ಮನೆಗೆ ಹೊಸ ಯಂತ್ರ ಬಂದರೂ ಮೊದಲು ಅದಕ್ಕೆ ಕುಂಕುಮ ಹಚ್ಚುತ್ತಾರೆ, ಆಮೇಲೆ ನನ್ನನ್ನು ಕರೆಸುತ್ತಾರೆ. ಆದ್ದರಿಂದ ನನಗೆ ಆಘಾತಗಳ ಕೊರತೆಯಿಲ್ಲ.

ಕಳೆದ ಗುರುವಾರ ಕರೆಸಿದವರು ಪಕ್ಕದ ಬೀದಿಯ ಕಾಕು, ಅಂದರೆ ಕಾಲನಿಗೆಲ್ಲ ಚಿಕ್ಕಮ್ಮ. ಬೀದರ್, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಗಳಿಗೆಲ್ಲ ಸಂಬಂಧ ಕೂಡಿಸುವವರು ಅವರೇ. ವಧೂವರರ ಫೋಟೊ, ಜಾತಕ ಎಲ್ಲವೂ ಒಂದು ಹಳೆಯ ಟ್ಯಾಬಿನಲ್ಲಿ. ಆ ವಧೂವರರನ್ನೆಲ್ಲ ಹೊಸ ಟ್ಯಾಬಿಗೆ ಸಾಗಿಸಬೇಕು. ನನ್ನ ಮಗಳೂ ಅದರೊಳಗಿದ್ದಳು. ಅವಳಿಗೆ ಎರಡು ಸಂಬಂಧ ತಪ್ಪಿದ್ದವು. ಎರಡು ಸಲವೂ ನಾನು ನಮ್ಮ ಮನೆತನದ ಇತಿಹಾಸವನ್ನು ಬಂದವರಿಗೆ ವಿವರವಾಗಿ ತಿಳಿಸಿದ್ದೆ. ಆದರೂ ಯಾಕೆ ತಪ್ಪಿದವೋ ಗೊತ್ತಿಲ್ಲ. ಅಂದು ನಾಲ್ಕಕ್ಕೆ ಸಿಕಂದರಾಬಾದಿನಿಂದ ಮೂರನೆಯವರು ಬರುವವರಿದ್ದರು. ಇಂಥ ದಿನ ಕಾಕು ಕರೆದರೆ ಒಲ್ಲೆ ಎನ್ನುವ ಧೈರ್ಯ ಯಾವ ಹೆಣ್ಣಿನ ತಂದೆಗಿದೆ?

೧. ರಾಹುಕಾಲ

ಒಂದೂವರೆಗೆ ಎರಡೂ ಟ್ಯಾಬ್ ಎದುರಿಟ್ಟುಕೊಂಡು ಕುಳಿತೆ.

"ತಡಿ ತಮ್ಮಾ, ರಾಹುಕಾಲ ಚಾಲೂ ಆತು. ಹೆಣ್ಮಕ್ಕಳನ್ನ ಇಂಥಾ ಹೊತ್ತಿನ್ಯಾಗ ಮನಿ ಬಿಡಸ್ತಿ?"

"ಚಾರ್ಜಿಗಾದ್ರೂ ಹಚ್ಚಲೇನ್ರಿ?"

"ಏನೂ ಹಚ್ಚಬ್ಯಾಡ."

ಮೂರಕ್ಕೆ ರಾಹುಕಾಲ ಮುಗಿಯಿತು. ಅದೇ ಹೊತ್ತಿಗೆ ಹಳೆಯ ಟ್ಯಾಬಿನ ಚಾರ್ಜೂ ಮುಗಿಯಿತು.

"ನೋಡಿದಿ?" ಎಂದರು ಕಾಕು. "ರಾಹು ಹೋಗೂವಾಗ ಸುಮ್ನ ಹೋಗೂದಿಲ್ಲ."

೨. ಪಾಸ್‌ವರ್ಡ್

ಚಾರ್ಜಾಗಿ ಎದ್ದ ಟ್ಯಾಬು ಪಾಸ್‌ವರ್ಡ್ ಕೇಳಿತು. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಕಾಕುವಿನ ಯಜಮಾನರು ಹೆಮ್ಮೆಯಿಂದ, "ನಮ್ಮ ಮದಿವಿ ತಾರೀಖು ಇರಬೇಕು, ಹಾಕು" ಎಂದರು.

ಹಾಕಿದೆ. ತಪ್ಪು.

"ನಾ ಕೂಡಿಸಿದ ಮೊದಲನೇ ಜೋಡಿ ತಾರೀಖು ಅದು" ಎಂದರು ಕಾಕು. "ನಮ್ಮದು ನಾ ಕೂಡಿಸಿದ್ದಲ್ಲ. ನನ್ನ ಕೇಳಿದ್ರ ಕೂಡಸ್ತಿದ್ದಿಲ್ಲ."

ಯಜಮಾನರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದರು.

೩. ಬೇರೆ ಬೇರೆ ಟ್ರಿಪ್ಪು

ಮೂರೂ ಮುಕ್ಕಾಲಿಗೆ, ಎಲ್ಲವನ್ನೂ ಒಟ್ಟಿಗೆ ಕಳಿಸುವ ಗುಂಡಿ ಒತ್ತಲು ಹೋದೆ.

"ಅಯ್ಯಯ್ಯ! ಹುಡುಗುರು ಹುಡಿಗ್ಯಾರು ಕೂಡೇ ಹೊಂಟಾರೇನು? ಹಿರ್ಯಾರು ಯಾರೂ ಇಲ್ಲದ?"

ಮೊದಲು ಹುಡುಗಿಯರನ್ನು ಕಳಿಸಿದೆ, ಆಮೇಲೆ ಹುಡುಗರನ್ನು. ಎರಡನೇ ಮದುವೆಯವರಿಗೆ ಕಾಕು ಪ್ರತ್ಯೇಕ ಟ್ರಿಪ್ಪು ಮಾಡಿಸಿದರು.

"ಕಾಕು, ನಾಲ್ಕೂ ಕಾಲಾತು. ನಮ್ಮ ಮನಿಗೆ ಬರೋವ್ರು..."

"ನಾ ಇಲ್ಲದ ಅಲ್ಲಿ ಏನೂ ಚಾಲೂ ಆಗೂದಿಲ್ಲ. ನಿನ್ನ ಜೋಡಿನ ಬರ್ತೀನಿ. ನೀ ಮಾಡು."

ವಿಧುರರೊಬ್ಬರು ಶೇಕಡಾ ತೊಂಬತ್ತೊಂಬತ್ತಕ್ಕೆ ಬಂದು ನಿಂತುಬಿಟ್ಟರು.

೪. ಟಿಪ್ಪಣಿ

ಐದಕ್ಕೆ ಕೆಲಸ ಮುಗಿಯಿತು. ಎಲ್ಲ ಸರಿಯಾಗಿ ಬಂದಿದೆಯೇ ಎಂದು ನೋಡಲು ಹೊಸ ಟ್ಯಾಬಿನಲ್ಲಿ ಮಗಳ ಹೆಸರು ಒತ್ತಿದೆ. ಫೋಟೊ ಬಂದಿತ್ತು, ಜಾತಕ ಬಂದಿತ್ತು. ಕಾಕು ತಮಗಾಗಿ ಬರೆದುಕೊಂಡಿದ್ದ ಟಿಪ್ಪಣಿಯೂ ಬಂದಿತ್ತು:

"ಹುಡುಗಿ ಬಂಗಾರ. ತಾಯಿ ಶ್ಯಾಣ್ಯಾಕಿ. ತಂದಿ ಮಾತಿಗೆ ಕುಂತರ ಏಳೂದಿಲ್ಲ. ಎರಡೂ ಸಂಬಂಧ ಅವನ ಮಾತಿಗೇ ತಪ್ಪಿದವು. ಮುಂದಿನವರು ಬರೋ ದಿನ ಟ್ಯಾಬಿನ ನೆಪ ಹೇಳಿ ಕರದು, ನಮ್ಮ ಮನ್ಯಾಗ ಕೂಡ್ರಿಸಿಕೊಳ್ಳೂದು."

ಮೂರು ಸಲ ಓದಿದೆ. ಅಷ್ಟರಲ್ಲಿ ಹೆಂಡತಿಯ ಫೋನು.

"ಏನ್ರಿ, ಒಪ್ಪಿಕೊಂಡು ಹ್ವಾದ್ರು! ಭಾಳ ಸಂಭಾವಿತ ಮಂದಿ. ನಿಮ್ಮನ್ನ ಒಂದ್ಸಲನೂ ಕೇಳಲಿಲ್ಲ."

ನನ್ನ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ.

ಕಾಕು ನನ್ನನ್ನೇ ನೋಡುತ್ತಿದ್ದರು. "ಹಾಂ, ಹಿಂಗ ಕುಂದ್ರಬೇಕು ತಮ್ಮಾ" ಎಂದರು. "ಮದಿವಿ ಮುಗಿಯೂ ತನಕ."